ಮಾರವಾಡದ ಮರಳಿಗೆ ಹೋದ ಮಾಮಾ

ಕಬನೂರಿನಿಂದ ಇಚಲಕರಂಜಿಯವರೆಗೆ ಹುಡುಕಿದರೂ ನಮ್ಮ ಸೋದರಮಾವನಷ್ಟು ಧೈರ್ಯವಂತ ಇನ್ನೊಬ್ಬನಿರಲಿಲ್ಲ. ಸಾಕ್ಷಿ ಯಾರು? ಅವನೇ! ಮನೆಯಲ್ಲಿ ಹಲ್ಲಿ ಕಂಡರೆ ಮಾತ್ರ ಮಂಚ ಏರಿ ನಿಂತು, "ಅಕ್ಕಾ, ಅದಕ್ಕ ಏನೂ ಮಾಡಬ್ಯಾಡ, ಪಾಪ, ಹೋಗ್ಲಿ" ಎನ್ನುತ್ತಿದ್ದ. ಭಯಕ್ಕೆ ದಯೆ ಎಂದು ಹೆಸರಿಡುವುದನ್ನು ಅವನಿಂದಲೇ ಕಲಿಯಬೇಕು.

ಆಗ ನಾನು ಕೊಲ್ಹಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಹೋಳಿ ಮುಗಿದ ಮೇಲೆ ಪ್ರೊಫೆಸರರು ನಮ್ಮನ್ನು ಮಾರವಾಡದ ಮರಳುಗಾಡಿಗೆ, ಅಲ್ಲಿನ ಪ್ರಾಣಿಗಳನ್ನು ತೋರಿಸಲು ಕರೆದೊಯ್ಯುವವರಿದ್ದರು. ಅವ್ವ ಅಳತೊಡಗಿದಳು. ಅಪ್ಪ ತೀರಿದ ಮೇಲೆ ಅವಳಿಗೆ ಉಳಿದವನು ನಾನೊಬ್ಬನೇ.

"ನಾನೂ ಹೋಗ್ತೇನಿ ಅವನ ಕೂಡ. ಹೆಂಗ ಒಯ್ತೇನಿ, ಹಂಗ ತಂದು ಒಪ್ಪಸ್ತೇನಿ" ಎಂದ ಮಾಮಾ. ಅಂದ ಕೂಡಲೇ ಅವನದೇ ಮುಖ ಬಿಳಿಚಿಕೊಂಡಿತು! ಪ್ರೊಫೆಸರರನ್ನು ಕಾಡಿ ಬೇಡಿ ಒಪ್ಪಿಸಿದ. ಲೂ ಬಿಸಿಗಾಳಿಗೆ ಮದ್ದೆಂದು ಎರಡೂ ಜೇಬಿಗೆ ಉಳ್ಳಾಗಡ್ಡಿ ತುಂಬಿಕೊಂಡು ರೈಲು ಹತ್ತಿದ.

ಮಾಮಾ ಯಂತ್ರಮಗ್ಗದ ಶೆಡ್ಡಿನಲ್ಲಿ ದುಡಿಯುವವನು. ಒಳಗಿನ ಖಟಖಟದಲ್ಲಿ ಗುಡುಗೂ ಕೇಳದು, ಎಲ್ಲ ಕೈಸನ್ನೆಯಲ್ಲೇ. ಹೊರಗೆ ಬಂದರೆ ಅವನದು ಮಾತಲ್ಲ, ಡಂಗುರ. ಮರಳಿನ ಮೇಲೆ ಚಿಗರಿ ಹಿಂಡು ಕಂಡಾಗ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು.

"ಅಳಿಯಾ, ಚಿಗರಿ ನೋಡಲೇ!"

ಹಿಂಡು ಮಾಯ.

"ಅಹೋ, ಹಳೂ ಬೋಲಾ!" ಮೆಲ್ಲಗೆ ಮಾತಾಡಿ ಎಂದು ಪ್ರೊಫೆಸರರು ಮರಾಠಿಯಲ್ಲಿ ಹಲ್ಲು ಕಡಿದರು.

"ಹಳೂನ ಅಂದ್ನೆಲ್ರೀ!" ಎಂದ ಮಾಮಾ. ದೂರದಲ್ಲಿ ಮೇಯುತ್ತಿದ್ದ ಒಂಟೆಯೂ ತಿರುಗಿ ನೋಡಿತು.

ಆಮೇಲೆ ಬಿಲದಿಂದ ಮುಳ್ಳುಬಾಲದ ದಪ್ಪ ಓತಿಯೊಂದು ತಲೆ ಹೊರಹಾಕಿತು. ಬರೀ ಹುಲ್ಲು ತಿನ್ನುವ ಪ್ರಾಣಿ, ಹೆದರಬೇಡಿ ಎಂದು ಪ್ರೊಫೆಸರರು ಸಮಾಧಾನ ಹೇಳಿದರು. ಮಾಮಾ ನನ್ನ ಬೆನ್ನ ಹಿಂದೆ ನಿಂತೇ ಕೇಳಿದ: "ನಮ್ಮ ಎತ್ತೂ ಹುಲ್ಲ ತಿಂತಾವ್ರೀ, ಹಾಯೂದು ಬಿಟ್ಟಾವೇನು?"

ನಗುತ್ತಲೇ ನಾನು ಒಣ ಪೊದೆಯ ಬಳಿ ಹೋಗಿ, ಬಗ್ಗಿ ಹೆಜ್ಜೆಗುರುತು ನೋಡುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ಮಾಮಾ. ಬಾಯಿ ತೆರೆದಿದೆ, ಸದ್ದಿಲ್ಲ! ಮುಷ್ಟಿ ಮೇಲೆತ್ತಿದ್ದಾನೆ. ಶೆಡ್ಡಿನಲ್ಲಿ ಯಾರದಾದರೂ ಧೋತರ ಯಂತ್ರದ ತಿರುಗುವ ಪಟ್ಟಾದ ಹತ್ತಿರ ಹೋದರೆ ತೋರಿಸುವ ಸನ್ನೆ ಅದು: ಇದ್ದಲ್ಲೇ ನಿಲ್ಲು, ಮಿಸುಕಬೇಡ. ರಜೆಯೆಲ್ಲ ಆ ಶೆಡ್ಡಿನಲ್ಲೇ ಕಳೆದವನು ನಾನು. ಕಾಲುಗಳು ತಾವಾಗಿಯೇ ನಿಂತವು. ಹಿಮ್ಮಡಿಯ ಹಿಂದೆ ಸರಸರ ಸದ್ದು. ನಮ್ಮ ಕಡೆ ಫುರಸೆ ಎನ್ನುತ್ತಾರಲ್ಲ, ಕಚ್ಚಿದರೆ ಉಳಿಸದ ಆ ಹಾವು! ಸತ್ತೆ ಎಂದುಕೊಂಡೆ. ಅವ್ವನ ಮುಖ ಬಿಟ್ಟರೆ ಬೇರೇನೂ ಕಾಣಲಿಲ್ಲ. ಅವನೊಮ್ಮೆ ಕೂಗಿದ್ದರೆ ಬೆಚ್ಚಿ ಅದರ ಮೇಲೇ ಕಾಲಿಡುತ್ತಿದ್ದೆ. ಹಾವು ಪೊದೆಗೆ ಸರಿಯುವವರೆಗೂ ಆ ಮುಷ್ಟಿ ಗಡಗಡ ನಡುಗುತ್ತಿತ್ತು, ಆದರೆ ಕೆಳಗಿಳಿಯಲಿಲ್ಲ.

ಊರಿಗೆ ಬರುವ ರೈಲಿನಲ್ಲಿ ಮಾಮಾ ನನ್ನ ಎರಡೂ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತ. ಹಿರಿಯರ ಮೈಗೆ ಕಾಲು ತಾಗಿಸುವುದೇ? ನಾಚಿ ಹಿಂದೆಳೆದುಕೊಳ್ಳಹೋದೆ. ಅವನು ಬಿಡಲಿಲ್ಲ. ಧೋತರದ ಚುಂಗಿನಿಂದ ಬೆರಳ ಸಂದಿಯ ಮರಳು ಒರೆಸುತ್ತ, ಕಣ್ಣೀರೂ ಒರೆಸಿಕೊಳ್ಳದೆ ಹೇಳಿದ:

"ಸುಮ್ಕ ಮಲ್ಕೋಲೇ. ನಿಮ್ಮವ್ವನ ಹೊಸ್ತಿಲಾ ದಾಟೂತನಾ ಈ ಕಾಲ ನೆಲಕ್ಕ ಹತ್ತಗೊಡಂಗಿಲ್ಲ ನಾ."