ಹದಿನೇಳನೇ ನಂಬರಿನ ಹಾಜರಾತಿ

ನಮ್ಮ ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ವಾರಸುದಾರರಿಲ್ಲದ ವಾಹನ ಯಾವುದೂ ಇರುವುದಿಲ್ಲವೆಂದು ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನಾನು ಈ ಮೂಲಕ ದೃಢೀಕರಿಸುತ್ತೇನೆ. ಲಿಫ್ಟಿನ ಪಕ್ಕದ ಹದಿನೇಳನೇ ಜಾಗದಲ್ಲಿ ನಾಲ್ಕೂ ಟೈರು ಕೂತುಹೋಗಿ, ಮೈತುಂಬ ಧೂಳು ಹೊದ್ದು ನಿಂತಿರುವ ಬೂದಿ ಬಣ್ಣದ ಕಾರಿನ ಬಗ್ಗೆ ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಬಾಯಿಗೆ ಬೀಗ ಹಾಕೋಕಾಗುತ್ತಾ? ಆ ಕಾರು ನಮ್ಮ ಸಂಘದ ಮಾನ್ಯ ಸದಸ್ಯ.

ಕಾಗದಪತ್ರದ ಪ್ರಕಾರ ಆ ಜಾಗ ಎರಡನೇ ಮಹಡಿಯ ಟೈಲರಮ್ಮನದು. ಬಹಳ ಕಾಲ ಅವರ ಹತ್ತಿರ ಕಾರಿರಲಿಲ್ಲ, ಜಾಗ ಖಾಲಿ ಬಿದ್ದಿತ್ತು. ವಾಚ್‌ಮನ್ ರಜೆಯಲ್ಲಿದ್ದ ಒಂದು ವಾರದಲ್ಲಿ ಯಾರೋ ಬಂದು ಬೂದಿ ಕಾರನ್ನು ಅಲ್ಲಿ ನಿಲ್ಲಿಸಿ ಹೋದರು. ಯಾರು, ಏಕೆ ಎಂಬುದು ಕಡತದಲ್ಲಿಲ್ಲ. ಆಮೇಲೆ ಟೈಲರಮ್ಮನ ತಾಯಿಗೆ ಸೊಂಟದ ಆಪರೇಷನ್ ಆಯಿತು. ವಾರಕ್ಕೆ ಮೂರು ಸಲದಂತೆ ಮೂರು ತಿಂಗಳು ಆಸ್ಪತ್ರೆಗೆ ಕರೆತಂದು ವ್ಯಾಯಾಮ ಮಾಡಿಸಿದರೆ ಅಜ್ಜಿ ನಡೆಯುತ್ತಾರೆ, ಇಲ್ಲದಿದ್ದರೆ ಕೂತಲ್ಲೇ ಅಂತ ಡಾಕ್ಟರು ಹೇಳಿಬಿಟ್ಟರು. ಟೈಲರಮ್ಮ ಹಳೆಯದೊಂದು ಪುಟ್ಟ ಕಾರು ತಂದರು. ತಂದು ನೋಡಿದರೆ ತಮ್ಮ ಜಾಗದಲ್ಲಿ ಬೂದಿ ಕಾರು!

"ಸಾರ್, ದಯವಿಟ್ಟು ಅದನ್ನ ತೆಗೆಸಿ. ನಮ್ಮಮ್ಮ ಲಿಫ್ಟಿನಿಂದ ಹತ್ತು ಹೆಜ್ಜೆ ಇಟ್ಟು ಕಾರಲ್ಲಿ ಕೂತ್ರೆ ಸಾಕು," ಅಂದರು.

ನಾನು ಕಲ್ಲು ಮನಸ್ಸಿನವನಲ್ಲ. ಅಂದೇ ಕಾರಿನ ಗಾಜಿಗೆ ನೋಟಿಸು ಅಂಟಿಸಿದೆ: "ಈ ವಾಹನವು ಏಳು ದಿನಗಳೊಳಗಾಗಿ ತನ್ನ ನಿಲುವನ್ನು ಲಿಖಿತವಾಗಿ ತಿಳಿಸತಕ್ಕದ್ದು." ಉತ್ತರ ಬರಲಿಲ್ಲ. ಜ್ಞಾಪನಾ ಪತ್ರ ಅಂಟಿಸಿದೆ. ಅಂತಿಮ ಜ್ಞಾಪನಾ ಪತ್ರ ಅಂಟಿಸಿದೆ. ಗಾಜಿನಲ್ಲಿ ಜಾಗ ಮುಗಿದು ಬಾಗಿಲಿಗೆ ಬಂದೆ. ಒಬ್ಬ ಕಾರ್ಯದರ್ಶಿ ಇನ್ನೇನು ಮಾಡಬಹುದು ಹೇಳಿ? ಕೊನೆಗೆ ಸರ್ವಸದಸ್ಯರ ಸಭೆ ಕರೆದೆ.

ನಮ್ಮ ಹಾಜರಾತಿಯ ಪದ್ಧತಿಯನ್ನು ಇಲ್ಲಿ ವಿವರಿಸಬೇಕು. ಬಾಡಿಗೆಯವರು ಬರುತ್ತಾರೆ, ಹೋಗುತ್ತಾರೆ, ಮುಖ ನೆನಪಿಡುವವರು ಯಾರು? ಹಾಗಾಗಿ ನಮ್ಮಲ್ಲಿ ಪಾರ್ಕಿಂಗ್ ನಂಬರೇ ಗುರುತು. ಸಭೆಯ ದಿನ ಬೆಳಗ್ಗೆ ವಾಚ್‌ಮನ್ ಪುಸ್ತಕ ಹಿಡಿದು ನೆಲಮಾಳಿಗೆ ಸುತ್ತುತ್ತಾನೆ. ಯಾವ ಜಾಗದಲ್ಲಿ ಗಾಡಿ ಇದೆಯೋ ಆ ನಂಬರಿಗೆ ಟಿಕ್. ಗಾಡಿ ಇದೆ ಅಂದರೆ ಸದಸ್ಯ ಇದ್ದಾನೆ. ಕೋರಂಗೆ ಇಪ್ಪತ್ತೊಂದು ಬೇಕು. ಆದರೆ ಸಭೆ ಅಂದರೆ ಸಾಕು, ನಮ್ಮ ಜನ ಬೆಳಕು ಹರಿಯುವ ಮೊದಲೇ ಗಾಡಿ ಸಮೇತ ಪರಾರಿ. ನಾಲ್ಕು ವರ್ಷದಿಂದ ಸಂಖ್ಯೆ ಇಪ್ಪತ್ತು ದಾಟಿರಲಿಲ್ಲ, ಒಂದೇ ಒಂದು ನಿರ್ಣಯ ಆಗಿರಲಿಲ್ಲ.

ಆ ದಿನ ನೆಲಮಾಳಿಗೆಯಲ್ಲೇ ಸೇರಿದ ಸಭೆಯಲ್ಲಿ ನಾನು ನಂಬರು ಕೂಗುತ್ತಾ ಬಂದೆ. "ಹದಿನೇಳು?"

"ಬಂದಿದೀನಿ ಸಾರ್," ಅಂತ ಟೈಲರಮ್ಮ ಕೈಯೆತ್ತಿದರು.

ವಾಚ್‌ಮನ್ ಪುಸ್ತಕ ನೋಡಿದ. "ಹದಿನೇಳು ಆಗಲೇ ಹಾಜರಿದೆ ಸಾರ್. ಬೆಳಗ್ಗೆನೇ ಟಿಕ್ ಹಾಕಿದೀನಿ."

ಎಲ್ಲರೂ ತಿರುಗಿ ಕಾರನ್ನು ನೋಡಿದರು. ನಾನು ಎಣಿಸಿದೆ. ಇಪ್ಪತ್ತೊಂದು! ನನ್ನ ಕಣ್ಣಲ್ಲಿ ನೀರು ಬಂತೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೂರನೇ ಮಹಡಿಯ ನಿವೃತ್ತ ಲೆಕ್ಕದ ಮೇಷ್ಟ್ರು ಎದ್ದರು. "ರೀ, ಕಾರು ಹೇಗ್ರೀ ಸದಸ್ಯ ಆಗುತ್ತೆ?"

"ನೀವು ನಾಲ್ಕು ವರ್ಷದಿಂದ ಬಂದು ಗೊರಕೆ ಹೊಡೀತೀರಲ್ಲ ಮೇಷ್ಟ್ರೇ, ನಿಮಗೆ ಟಿಕ್ ಬೀಳ್ತಿಲ್ವಾ?" ಅಂದೆ. ಅವರು ಕೂತರು.

"ಹಾಗಾದ್ರೆ ನಾನು?" ಅಂದರು ಟೈಲರಮ್ಮ.

"ನಿಮ್ಮ ಕಾರು ಎಲ್ಲಿದೆಯಮ್ಮಾ?"

"ಗೇಟಿನಾಚೆ, ರಸ್ತೆಯಲ್ಲಿ. ಒಳಗೆ ಜಾಗ ಇಲ್ವಲ್ಲ!"

"ಅಂದ್ರೆ ನೀವು ಗೈರುಹಾಜರು. ಗೈರುಹಾಜರಾದವರು ಮಾತಾಡೋ ಹಾಗಿಲ್ಲ. ಕೂತ್ಕೊಳ್ಳಿ."

ಕಾರನ್ನು ತೆಗೆಸುವ ವಿಷಯವೂ ಚರ್ಚೆಗೆ ಬಂತು, ಬರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಆಗ ಮೇಷ್ಟ್ರೇ ಬೆರಳು ಮಡಚುತ್ತಾ ಲೆಕ್ಕ ಹೇಳಿದರು: ಕಾರು ಹೋದರೆ ಹಾಜರಾತಿ ಇಪ್ಪತ್ತಕ್ಕಿಳಿಯುತ್ತದೆ. ಇಳಿದರೆ ಸಭೆಯೇ ಅಸಿಂಧು. ಸಭೆ ಅಸಿಂಧುವಾದರೆ ಕಾರು ಹೋಗಲಿ ಎಂಬ ನಿರ್ಣಯವೂ ಅಸಿಂಧು, ಕಾರನ್ನು ವಾಪಸು ತಂದು ನಿಲ್ಲಿಸಬೇಕು. "ತಳ್ಳಿ ತಳ್ಳಿ ನಮ್ಮ ಸೊಂಟ ಬೀಳುತ್ತೆ ಅಷ್ಟೇ," ಅಂದರು. ಸಭೆ ಅವರ ವಿವೇಕವನ್ನು ಮೆಚ್ಚಿತು.

ನಾಲ್ಕು ವರ್ಷದ ಬಾಕಿ ಕೆಲಸ ಒಂದೇ ಗಂಟೆಯಲ್ಲಿ ಮುಗಿಯಿತು. ತಾರಸಿಯ ಬೀಗದ ಕೈ ಅಧ್ಯಕ್ಷರಿಗೆ ಖಾಯಂ ಆಯಿತು. ಹದಿನಾರನೇ ಜಾಗ ನನ್ನ ಅಳಿಯ ಬಂದಾಗ ನಿಲ್ಲಿಸಲು ಮಂಜೂರಾಯಿತು. ಹೊರಗಿನ ಬಾಡಿಗೆ ವಾಹನಗಳಿಗೆ ಗೇಟು ಬಂದ್, ಓಡಾಟದ ದಾರಿಯಲ್ಲಿ ಯಾರೂ ಒಂದು ನಿಮಿಷವೂ ಗಾಡಿ ನಿಲ್ಲಿಸಕೂಡದು ಎಂದಾಯಿತು. ಇನ್ನೊಂದು ಬೂದಿ ಕಾರು ಬಂದುಬಿಟ್ಟರೆ? ಇರುವ ಕಾರಿನ ಗೌರವಕ್ಕಾಗಿ ನಿಯಮ ಒಂಬತ್ತು (ಆ) ಬಂತು: "ತೊಂಬತ್ತು ದಿನ ಸ್ವಂತ ಬಲದಿಂದ ಚಲಿಸದೆ ಇರುವವರು ಲಿಫ್ಟಿನ ಪಕ್ಕದ ಜಾಗಕ್ಕೆ ಅರ್ಹರು." ಮುಂದೆ ಅರ್ಹರು ಬಂದಾರೆಂದು ಲಿಫ್ಟಿನ ಇನ್ನೊಂದು ಪಕ್ಕದ ಹದಿನೆಂಟನ್ನು ಖಾಲಿ ಇಟ್ಟೆವು.

ಮರುದಿನವೇ ಟೈಲರಮ್ಮ ನನ್ನ ಬಾಗಿಲಲ್ಲಿ. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಅದೇ ರಾಗ.

"ಸಾರ್, ಹದಿನೆಂಟು ಖಾಲಿ ಇದೆಯಲ್ಲ, ಅದನ್ನಾದ್ರೂ ಕೊಡಿ."

"ನಿಮ್ಮ ಕಾರು ಓಡುತ್ತಾ?"

"ಓಡುತ್ತೆ ಸಾರ್."

"ಅದೇ ನೋಡಿ ತೊಂದರೆ. ನಿಯಮ ಓದಿ."

ಅಂದಿನಿಂದ ತಾಯಿ ಮಗಳು ಗೇಟಿನಾಚೆಯ ಕಾರಿನವರೆಗೆ ನಡೆಯತೊಡಗಿದರು. ಇನ್ನೂರು ಹೆಜ್ಜೆ. ಮೊದಲ ವಾರ ಅಜ್ಜಿ ವಾಕರ್ ಹಿಡಿದು ನಲವತ್ತು ಹೆಜ್ಜೆ ಹಾಕಿದರು, ಉಳಿದದ್ದಕ್ಕೆ ಮಗಳು ಹೊತ್ತುಕೊಂಡಳು. ಎರಡನೇ ವಾರ ಇಪ್ಪತ್ತು. ಒಮ್ಮೆ ಟೈಲರಮ್ಮ ಕಾರನ್ನು ಲಿಫ್ಟಿನ ಮುಂದೆಯೇ ತಂದು ನಿಲ್ಲಿಸಿದರು. ನಾನು ಚಕ್ರಕ್ಕೆ ಬೀಗ ಜಡಿದು, ವಿವರಣೆ ಕೇಳಿ ಪತ್ರ ಕೊಟ್ಟೆ. ಅಷ್ಟರಲ್ಲಿ ಆಸ್ಪತ್ರೆಯ ಸಮಯ ಮೀರಿಹೋಯಿತು. ನಿಯಮ ಅಂದಮೇಲೆ ನಿಯಮ. ಒಂದು ತಿಂಗಳಾಗುವಷ್ಟರಲ್ಲಿ ಟೈಲರಮ್ಮನ ಬೆನ್ನು ಹಿಡಿದುಕೊಂಡಿತು, ಆಸ್ಪತ್ರೆ ನಿಂತಿತು. ಅಜ್ಜಿ ಲಿಫ್ಟಿನ ಪಕ್ಕ ವಾಚ್‌ಮನ್ ಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾರನ್ನೇ ನೋಡುತ್ತಿದ್ದರು.

"ಇದೂ ನನ್ನ ಹಾಗೇ ಕಣೋ. ಆದ್ರೆ ಇದನ್ನ ಎಷ್ಟು ಚೆನ್ನಾಗಿ ನೋಡ್ಕೊಳ್ತೀರಪ್ಪಾ!" ಅಂತ ಒಂದು ದಿನ ನನಗೆ ಹೇಳಿದರು. ಹಿರಿಯರ ಮೆಚ್ಚುಗೆ ಸಿಕ್ಕಾಗ ಯಾರಿಗೆ ಖುಷಿಯಾಗದು?

ಸಭೆಯಾಗಿ ಮೂರು ತಿಂಗಳು ಕಳೆಯಿತು. ಟೈಲರಮ್ಮ ಬಂದು ಡಾಕ್ಟರರ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟರು. ಈ ಸಲ ಜೋರು ಮಾಡಲಿಲ್ಲ. "ಅಮ್ಮ ಇನ್ನು ನಡೆಯೋದಿಲ್ಲವಂತೆ ಸಾರ್," ಅಂದರು ಅಷ್ಟೇ.

ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಚೀಟಿ ಓದೋಕೂ ಆಗಲಿಲ್ಲ. ಆಮೇಲೆ ನಿಯಮದ ಪುಸ್ತಕ ತೆಗೆದೆ. ಒಂಬತ್ತು (ಆ). ತೊಂಬತ್ತು ದಿನ, ಸ್ವಂತ ಬಲ, ಚಲನೆಯಿಲ್ಲ. ಮೂರಕ್ಕೆ ಮೂರೂ ಹೊಂದಿದವು. ಕಡೆಯ ಎರಡು ತಿಂಗಳಷ್ಟೇ ಪೂರ್ತಿ ಕೂತದ್ದು ಎಂಬ ಆಕ್ಷೇಪ ಬರಬಹುದಿತ್ತು, ಮೊದಲ ತಿಂಗಳು ಮಗಳು ಹೊತ್ತದ್ದರಿಂದ ಅದು ಸ್ವಂತ ಬಲವಲ್ಲವೆಂದು ನಾನೇ ಷರಾ ಬರೆದೆ. ಅದೇ ದಿನ ಹದಿನೆಂಟನೇ ಜಾಗ ಅಜ್ಜಿಗೆ ಮಂಜೂರಾಯಿತು. ಇಷ್ಟು ಬೇಗ ಯಾವ ಅರ್ಜಿಯೂ ವಿಲೇವಾರಿ ಆದದ್ದಿಲ್ಲ.

"ಇನ್ಮೇಲೆ ಅಲ್ಲಿ ನನ್ನ ಕಾರು ನಿಲ್ಲಿಸಬಹುದಾ?" ಅಂತ ಟೈಲರಮ್ಮ ಕೇಳಿದರು.

"ಮಂಜೂರಾಗಿರೋದು ನಿಮ್ಮ ತಾಯಿಗಮ್ಮಾ, ಕಾರಿಗಲ್ಲ. ಕುರ್ಚಿ ಹಾಕಿಕೊಳ್ಳಿ."

ಅವರು ಹೋಗಿ ಕುರ್ಚಿಗೊಂದು ದಿಂಬು ಹೊಲಿದು ತಂದರು.

ಮುಂದಿನ ಸಭೆ ಸಮಯಕ್ಕೆ ಸರಿಯಾಗಿ ಆರಂಭವಾಯಿತು. ನಾನು ಕೂಗಿದೆ, "ಹದಿನೇಳು?" ವಾಚ್‌ಮನ್ ಟಿಕ್ ಹಾಕಿದ.

"ಹದಿನೆಂಟು?"

"ಎಲ್ಲಿಗೆ ಹೋಗ್ಲಿ ಮಗಾ, ಇಲ್ಲೇ ಇದೀನಿ," ಅಂದರು ಅಜ್ಜಿ.

ವಾಚ್‌ಮನ್ ಟಿಕ್ ಹಾಕಿದ. ಹಾಜರಾತಿ ಇಪ್ಪತ್ತೆರಡು. ಎಲ್ಲರೂ ಚಪ್ಪಾಳೆ ತಟ್ಟಿದರು.