ಸಣ್ಣ ಪೈಪು, ಬಂಡಿಗಟ್ಟಲೆ ಸಂಶಯ

ವಿಜಾಪುರದಲ್ಲಿ ನಾನು ಹಳೆಯ ಕಾರೊಂದನ್ನು ಕೊಂಡು, ನಾನೇ ಓಡಿಸಿ ಬಾಡಿಗೆ ದುಡಿಯತೊಡಗಿದಾಗ, ‘ಆರು ತಿಂಗಳಲ್ಲಿ ಮಾರುತ್ತಾಳೆ’ ಎಂದವರು ಇಬ್ಬರು. ಒಬ್ಬರು ನನ್ನ ಭಾವ. ಅವರಿಗೆ ಸೈಕಲ್ಲೂ ಬರುತ್ತಿರಲಿಲ್ಲ, ಬಿಟ್ಟುಬಿಟ್ಟೆ. ಇನ್ನೊಬ್ಬ ಸ್ಟೇಷನ್ ರಸ್ತೆಯಲ್ಲಿ ಗಾಡಿ ರಿಪೇರಿ ಮಾಡುವ ಮಿಸ್ತ್ರಿ. “ಬಾಯಾರ, ಗಾಡಿ ಅಂದ್ರ ರೊಟ್ಟಿ ಬಡದಂಗಲ್ಲ. ಬ್ಯಾಸರಾದಾಗ ನನಗ ಕೊಡ್ರಿ,” ಎಂದ. ಅವತ್ತಿನಿಂದ ಅವನ ಕಣ್ಣು ನನ್ನ ಗಾಡಿಯ ಮೇಲೆ, ನನ್ನ ಕಣ್ಣು ಅವನ ಕೈ ಮೇಲೆ. ಹೀಗಿದ್ದ ಮೇಲೆ ಏನಾದರೊಂದು ಆಗುತ್ತಲೇ ಇರುತ್ತದೆ.

೧. ಉಳಿದ ಸ್ಕ್ರೂ

ಗಾಡಿ ರಿಪೇರಿಗೆ ಬಿಟ್ಟು ಮನೆಗೆ ಹೋಗುವವಳು ನಾನಲ್ಲ. ಮಿಸ್ತ್ರಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಅವನು ಬಿಚ್ಚಿದ ಸ್ಕ್ರೂಗಳನ್ನು ಸೆರಗಿನಲ್ಲಿ ಇಟ್ಟುಕೊಂಡು ಕೂರುತ್ತಿದ್ದೆ. ಒಮ್ಮೆ ಎಲ್ಲ ಜೋಡಿಸಿದ ಮೇಲೂ ನೆಲದ ಮೇಲೆ ಒಂದು ಸ್ಕ್ರೂ ಕಂಡಿತು.

“ಇದನ್ನ ಯಾಕ ಹಾಕಿಲ್ಲ? ಗಾಡಿ ಕೆಡಸಾಕ?”

ಪಾಪ, ಅರ್ಧ ಇಂಜಿನ್ ಮತ್ತೆ ಬಿಚ್ಚಿ ಜೋಡಿಸಿದ. ಆ ಸ್ಕ್ರೂಗೆ ಎಲ್ಲೂ ಜಾಗವಿಲ್ಲ. ಆಮೇಲೆ ಬಗ್ಗಿ ನನ್ನ ಕಾಲ ಬಳಿ ನೋಡಿ, “ಬಾಯಾರ, ಎಡಕ್ಕ ವಾಲಬ್ಯಾಡ್ರಿ,” ಎಂದ.

ಅವನ ಮಾತು ಕೇಳುವವಳೇ ನಾನು? ವಾಲಿದೆ. ಸ್ಟೂಲಿನ ಕಾಲು ಕಳಚಿತು.

೨. ಇಬ್ಬರು ಮಾಸ್ತರರು

ಗಾಡಿಯ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಗಾಂಧಿ ಚೌಕದ ಅಂಗಡಿ ಬೋರ್ಡುಗಳಿಂದ ಕನ್ನಡ ಓದು ಕಲಿತವಳಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಒಬ್ಬ ಸಾಲಿ ಮಾಸ್ತರರಿಂದ ಒಂದು ಪುಟದ ಅರ್ಥ ಬರೆಸಿಕೊಂಡೆ: ‘ಕಾರ್ಬುರೇಟರಿನಿಂದ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಒಂದು ಸಣ್ಣ ವ್ಯಾಕ್ಯೂಮ್ ಪೈಪು. ಇಂಜಿನ್ ಅದರ ಮೂಲಕ ಗಾಳಿ ಎಳೆದರೆ ಕಿಡಿ ತುಸು ಮುಂಚೆ ಹಾರುತ್ತದೆ, ಪೆಟ್ರೋಲ್ ಉಳಿಯುತ್ತದೆ.’

ಗಾಳಿಯಿಂದ ಪೆಟ್ರೋಲ್ ಉಳಿಯುವುದೇ? ಅದೇ ಪುಟವನ್ನು ಬಬಲೇಶ್ವರದ ಇನ್ನೊಬ್ಬ ಮಾಸ್ತರರಿಗೆ ಕೊಟ್ಟೆ. ಎರಡು ದಿನ ಬಿಟ್ಟು ಅವರೂ ಅದನ್ನೇ ಬರೆದುಕೊಟ್ಟರು, ಒಂದು ಮಾತೂ ಹೆಚ್ಚುಕಡಿಮೆಯಿಲ್ಲ. ಸಂಶಯ ಇನ್ನೂ ಹೆಚ್ಚಾಯಿತು.

“ನಿಜಾ ಹೇಳ್ರಿ, ಯಾರನ್ನ ಕೇಳಿ ಬರದ್ರಿ?”

“ಮೋಟರಿಂದು ನಮಗೇನ ತಿಳೀತೈತ್ರಿ? ಸ್ಟೇಷನ್ ರಸ್ತಾದ ಮಿಸ್ತ್ರಿನ್ನ ಕೇಳಿದೆ. ಹ್ವಾದ ವಾರ ಇನ್ನೊಬ್ಬ ಮಾಸ್ತರಗೂ ಇದನ್ನ ಬರಸೀನಿ ಅಂದ.”

೩. ಬಾಯಿ ವಾಸನೆ

ಆ ಪೈಪನ್ನು ಕಾರ್ಬುರೇಟರಿನ ಕಡೆ ಬಿಚ್ಚಿ ಬಾಯಿಂದ ಎಳೆಯಬೇಕು. ಡಿಸ್ಟ್ರಿಬ್ಯೂಟರಿನೊಳಗಿನ ತಟ್ಟೆ ಸರಿದರೆ ಎಲ್ಲ ಸರಿ ಎಂದರ್ಥ. ಘೋಣಸಗಿಯಲ್ಲಿ ಹೀಗೆ ನೋಡುತ್ತಿದ್ದಾಗ, ತಿಕೋಟಾ ಸಂತೆಗೆ ಹೊರಟಿದ್ದ ಮುದುಕಿಯೊಬ್ಬಳು ನನ್ನನ್ನು ಕಂಡಳು.

“ಯವ್ವಾ! ಗಾಡಿ ಎಣ್ಣಿ ನೀನ ಕುಡ್ಯಾಕತ್ತಿಯಲ್ಲ ಬೇ!”

“ಇದರಾಗ ಎಣ್ಣಿ ಬರೂದಿಲ್ಲ ಆಯಿ, ಬರೇ ಗಾಳಿ.”

“ಕುಡದವರೆಲ್ಲ ಹಂಗ ಅಂತಾರ. ಬಾಯಿ ತಗಿ, ವಾಸನಿ ನೋಡ್ತೀನಿ.”

ಗಾಡಿಯಲ್ಲಿ ಕೂತಿದ್ದ ಜನ ಆಗಲೇ ಇಳಿಯಲು ಗಂಟು ಎತ್ತಿಕೊಳ್ಳುತ್ತಿದ್ದರು. ಬಾಯಿ ತೆಗೆದೆ. ಮುದುಕಿ ಎರಡು ಸಲ ಮೂಸಿದಳು.

“ಎಲಿ ಅಡಿಕಿ ವಾಸನಿ. ನನಗೊಂದು ಎಲಿ ಕೊಡು, ಹತ್ತತೀನಿ.”

೪. ಸ್ಟೇಷನ್ ರಸ್ತೆಯ ಪಂಚಾಯಿತಿ

ಒಂದು ಅಮಾವಾಸ್ಯೆ ಕಳೆದ ಮೇಲೆ ಗಾಡಿ ಸತ್ತಂತೆ ಓಡತೊಡಗಿತು. ಪೆಟ್ರೋಲ್ ಹೆಚ್ಚು ಕುಡಿಯಿತು, ಬಿಸಿಯಾಯಿತು. ಗಿರಾಕಿಗಳು ಬೇರೆ ಗಾಡಿ ಹತ್ತಿದರು. ಹೀಗೇ ನಡೆದರೆ ಮಾರುವುದೊಂದೇ ದಾರಿ. ಯಾರು ಮಾಡಿದ್ದೆಂದು ನನಗೆ ಗೊತ್ತೇ ಇದ್ದುದರಿಂದ, ಏನಾಗಿದೆ ಎಂದು ನೋಡಲು ಹೋಗಲಿಲ್ಲ. ನೇರ ಮಿಸ್ತ್ರಿಯ ಮುಂದೆ ಗಾಡಿ ನಿಲ್ಲಿಸಿ ಕೂಗಿದೆ:

“ನೀನ ಆ ಪೈಪಿಗೆ ಏನೋ ಮಾಡೀದಿ! ಗಾಡಿ ಮಾರಸಾಕ!”

ಜನ ಕೂಡಿದರು. ಮಿಸ್ತ್ರಿಗೂ ಸಿಟ್ಟು ಬಂತು. “ಎಲ್ಲಾರ ಮುಂದ ತಗೀತೀನಿ. ನನ್ನ ತಪ್ಪಿದ್ರ ಈ ಗಾಡಿಗೆ ಎಂದೂ ಕೂಲಿ ಕೇಳೂದಿಲ್ಲ. ಇಲ್ಲಂದ್ರ ಗಾಡಿ ನನಗ ಮಾರಬೇಕು.”

“ಆತು, ತಗಿ!”

ಬಾನೆಟ್ ಎತ್ತಿ, ಕೈ ಹಾಕಿ, ಅವನು ಮೇಲಕ್ಕೆ ಹಿಡಿದದ್ದು ಒಂದು ಲಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ, ಕರಿದಾರ. ದಾರ ಆ ಸಣ್ಣ ರಬ್ಬರ್ ಪೈಪಿಗೆ ಬಿಗಿದು ಅದರ ಕತ್ತು ಹಿಚುಕಿತ್ತು.

“ಇದು ನಂದೇನ್ರಿ, ಬಾಯಾರ?”

ನನ್ನದೇ. ದೃಷ್ಟಿಗಿಷ್ಟಿ ನಂಬುವವಳಲ್ಲ ಎಂದು ಊರಿಗೆಲ್ಲ ಹೇಳಿಕೊಂಡವಳು ಹೊರಗೆ ಹೇಗೆ ಕಟ್ಟಲಿ? ಅಮಾವಾಸ್ಯೆಯಂದು ಗುಟ್ಟಾಗಿ ಒಳಗೇ ಕಟ್ಟಿದ್ದೆ.

“ಯಾರ ಕಣ್ಣ ಬೀಳತಾವಂತ ಕಟ್ಟೀರ್ರಿ?” ಎಂದ ಚಾದಂಗಡಿಯವನು.

“ಇವಂದ!” ಎಂದು ಮಿಸ್ತ್ರಿಯನ್ನು ತೋರಿಸಿದೆ. ಸ್ಟೇಷನ್ ರಸ್ತೆಯೇ ನಕ್ಕಿತು.

ಮಿಸ್ತ್ರಿ ದಾರ ಕತ್ತರಿಸಿದ. ಗಾಡಿ ಮೊದಲಿನಂತೆ ಗುರುಗುಟ್ಟಿತು. “ಗಾಡಿ ಬ್ಯಾಡ್ರಿ ಬಾಯಾರ,” ಎಂದ. “‘ನಂದ ತಪ್ಪು’ ಅಂತ ಒಮ್ಮೆ ಅನ್ರಿ, ಸಾಕು.”

ಗಾಡಿಯನ್ನೇ ಕೊಟ್ಟುಬಿಡಲೇ ಎಂದು ಬಹಳ ಹೊತ್ತು ಯೋಚಿಸಿದೆ.

ಈಗ ನನ್ನ ಹೆಸರಿನಲ್ಲಿ ಎರಡು ಕಾರುಗಳಿವೆ. ಎರಡನೆಯದಕ್ಕೆ ದುಡ್ಡು ಕೊಟ್ಟೆ. ಮೊದಲನೆಯದಕ್ಕೆ ಆ ಎರಡು ಶಬ್ದ ಕೊಟ್ಟೆ. ಅಷ್ಟು ತುಟ್ಟಿಯ ಸಾಮಾನು ಮತ್ತೆ ಕೊಂಡಿಲ್ಲ.