ತಮ್ಮನ ಗಾಡಿಗೆ ಒಂದು ತೊಗರಿ

ದಿಲ್ಲಿಯಲ್ಲಿ ಕಾನೂನು ಹೇಗೆ ಮಾಡುತ್ತಾರೋ ನನಗೆ ಗೊತ್ತಿಲ್ಲ, ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೆ ಭಾಲ್ಕಿಯ ನನ್ನ ತಮ್ಮನನ್ನು ಒಂದು ಮಾತು ಕೇಳದೆ ಯಾವ ಸರ್ಕಾರವೂ ಪೆಟ್ರೋಲ್ ಕಾರಿನ ತಂಟೆಗೆ ಹೋಗಬಾರದು. ಹೋದರೆ ಅವನು ಇಡೀ ಜಿಲ್ಲೆಯ ಅಭಿಪ್ರಾಯವನ್ನು ಹೊತ್ತು ತಂದು ಮುಂದೆ ಸುರಿಯುತ್ತಾನೆ. ಅದೂ ಉಪ್ಪಿನಕಾಯಿ ಡಬ್ಬಿಯಲ್ಲಿ!

ಅವನ ಗಾಡಿಯೂ ಪೆಟ್ರೋಲಿನದೇ. ಬಣ್ಣ ಬಿಳಿ ಎಂದು ಕಾಗದದಲ್ಲಿದೆ. ನೋಡಿದರೆ ಅರಿಸಿನ ಹಚ್ಚಿ ಕೂರಿಸಿದ ಮದುಮಗಳಂತಿದೆ. ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಆಸ್ಪತ್ರೆಯಿಂದ ಬರುವುದು ಇದರಲ್ಲೇ. ಬಾಣಂತಿಗೆ ಕುಲುಕಬಾರದೆಂದು ಇವನು ಎರಡನೇ ಗೇರ್ ದಾಟುವುದಿಲ್ಲ. ಒಮ್ಮೆ ಔರಾದ್ ದಾರಿಯಲ್ಲಿ ಎತ್ತಿನ ಬಂಡಿಯವನು ನಮ್ಮನ್ನು ದಾಟಿ ಹೋಗುತ್ತ, "ಹಗ್ಗಾ ಕೊಡ್ಲೇನ್ರಿ?" ಎಂದಿದ್ದ! ಮನೆ ಮುಟ್ಟಿದ ಮೇಲೆ ಬಾಗಿಲ ಒಳಬದಿಗೆ ಕೂಸಿನ ಹೆಸರಲ್ಲಿ ಒಂದು ಕಾಡಿಗೆ ಬೊಟ್ಟು. ಇಲ್ಲಿಯವರೆಗೆ ಹನ್ನೊಂದು ಬೊಟ್ಟು. ನನ್ನ ಮಗಳು ಬಸುರಿ ಎಂದು ಗೊತ್ತಾದ ದಿನವೇ ಹನ್ನೆರಡನೆಯದಕ್ಕೆ ಜಾಗ ಒರೆಸಿ ಇಟ್ಟಿದ್ದ.

ಅಷ್ಟರಲ್ಲಿ ಯಾರೋ ಚಹಾದಂಗಡಿಯಲ್ಲಿ ಮೊಬೈಲ್ ನೋಡಿ ಹೇಳಿದರಂತೆ: ಎಲ್ಲೆಲ್ಲೋ ದೇಶಗಳಲ್ಲಿ ಹೊಸ ಪೆಟ್ರೋಲ್ ಕಾರು ಮಾರುವುದನ್ನೇ ಸರ್ಕಾರ ನಿಲ್ಲಿಸುತ್ತದಂತೆ, ಇವತ್ತಲ್ಲ ನಾಳೆ ಇಲ್ಲಿಗೂ ಬರುತ್ತದಂತೆ. ತಮ್ಮ ನೇರ ಬೀದರಿಗೆ, ನನ್ನ ಮನೆಗೆ ಬಂದ.

"ಹೊಸಾವು ಅಷ್ಟೇ ಬಂದ್ ಮಾಡ್ತಾರಂತಲ್ಲೋ. ನಿನ್ನ ಮುದುಕಿ ಗಾಡಿಗಿ ಯಾರ ಮುಟ್ತಾರ?" ಎಂದೆ.

"ಹೊಸಾವು ಹುಟ್ಟೋದೇ ನಿಂತ್ರ ಹಳೇದಕ್ಕ ಬಳಗ ಎಲ್ಲಿ ಉಳೀತದ ಅಕ್ಕಾ?" ಎಂದ.

ಎದ್ದವನೇ ನನ್ನ ಅಡಿಗೆಮನೆಯಿಂದ ಖಾಲಿ ಉಪ್ಪಿನಕಾಯಿ ಡಬ್ಬಿ ಎತ್ತಿಕೊಂಡು ಹೊರಟ.

ಮರುದಿನದಿಂದ ಅವನದೇ ಒಂದು ಮತದಾನ. ಪೆಟ್ರೋಲ್ ಇರಲಿ ಎನ್ನುವವರು ಡಬ್ಬಿಗೆ ಶೇಂಗಾ ಹಾಕಬೇಕು, ಬಂದ್ ಆಗಲಿ ಎನ್ನುವವರು ಪುಟಾಣಿ, ಅದೇ ಹುರಿಗಡಲೆ. ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಮುಂಜಾನೆಯೆಲ್ಲ ನಿಂತ. ಜನವೂ ಬಂದರು, ವಿಚಾರ ಮಾಡುತ್ತ ನಿಂತರು, ವಿಚಾರ ಮಾಡುತ್ತ ಒಂದೊಂದೇ ಬಾಯಿಗೆ ಹಾಕಿಕೊಂಡರು. ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಸಿಪ್ಪೆ! ಜನಾಭಿಪ್ರಾಯವನ್ನು ಜನರೇ ತಿಂದು ಹೋಗಿದ್ದರು.

ಬುದ್ಧಿ ಬಂತು. ಔರಾದಿಗೆ ಹೊರಟಾಗ ಹಸಿ ಕಾಳು: ಪೆಟ್ರೋಲಿಗೆ ತೊಗರಿ, ಬಂದ್‌ಗೆ ಕರೀ ಉದ್ದು. ಸಂತೆಯಲ್ಲಿ ಒಬ್ಬ ಮುದುಕಿ ಡಬ್ಬಿಯೊಳಗೆ ಇಣುಕಿ ಕೇಳಿದಳಂತೆ, "ಯಪ್ಪಾ, ಬಸ್ಸಿನ ಕಾಳು ಯಾವ್ದು? ನಮ್ಮೂರಿಗಿ ಅದೇ ಬರಲ್ಲ, ಅದಕ್ಕ ಹಾಕ್ತೀನಿ." ಅವಳಿಗಾಗಿ ಪಕ್ಕದ ಅಂಗಡಿಯಿಂದ ಹೆಸರುಕಾಳು ತಂದ. ಸಂಜೆಗೆ ನೋಡಿದರೆ ಅರ್ಧ ಡಬ್ಬಿ ಹೆಸರು! ಬೀದರಿನ ಆಟೋದವನೊಬ್ಬ ತೊಗರಿ, ಉದ್ದು ಎರಡನ್ನೂ ಹಾಕಿ, "ಹೊಗಿ ನುಂಗೋರು ನಾವು, ಪೆಟ್ರೋಲ್ ಬಿಟ್ರ ಹೊಟ್ಟಿಗಿಲ್ದವ್ರೂ ನಾವೇ ಚಾಚಾ" ಎಂದನಂತೆ. ಇದನ್ನು ನನ್ನ ಮನೆಯಲ್ಲಿ ಕೂತು ಹೇಳುವಾಗ ತಮ್ಮ ನಗಲಿಲ್ಲ.

"ನಿನ್ನ ವೋಟು?" ಎಂದೆ.

"ನಂದು ಎಲ್ಲಾರ ಆದ್ಮ್ಯಾಲ. ನೀ ಹಾಕು."

"ನಂಗ ಕೆಲಸ ಇಲ್ಲೇನು? ಹೋಗಾಚಿ!" ಎಂದು ಕಳಿಸಿದೆ.

ಆಮೇಲೆ ನನ್ನ ಮೊಮ್ಮಗಳು ಹುಟ್ಟಿದಳು. ಏನು ಹೇಳಲಿ! ಬೆಣ್ಣೆಮುದ್ದೆ! ನನಗೆ ನೆಲ ಕಾಣುತ್ತಿರಲಿಲ್ಲ. ಮನೆಗೆ ಕರೆದೊಯ್ಯುವ ದಿನ ಅಳಿಯ ಗೆಳೆಯನ ಕರೆಂಟಿನ ಹೊಸ ಕಾರು ತಂದು ನಿಲ್ಲಿಸಿದ. ಅದರ ಹಿಂದೆಯೇ ತಮ್ಮ. ಗಾಡಿ ತೊಳೆದು, ಸೀಟಿಗೆ ನಮ್ಮವ್ವನ ಹಳೇ ಇಳಕಲ್ ಸೀರೆ ಹಾಸಿಕೊಂಡು ಬಂದಿದ್ದ.

ಸಂತೋಷ ತಲೆಗೇರಿದಾಗ ನಾಲಿಗೆಗೆ ಕಡಿವಾಣ ಇರುವುದಿಲ್ಲ ನೋಡಿ. ಎಲ್ಲರ ಮುಂದೆ ಅಂದುಬಿಟ್ಟೆ: "ನಿನ್ನ ಗಾಡಿ ಬ್ಯಾಡೋ, ಹೊಗಿ ಉಗುಳ್ತದ. ನಿನ್ನ ಮೈಯೆಲ್ಲಾ ಪೆಟ್ರೋಲ್ ನಾರ್ತದ. ಕೂಸಿಗಿ ಕೆಮ್ಮು ಹತ್ತಿದ್ರ?"

ಎಲ್ಲರೂ ನಕ್ಕರು. ಅವನೂ ನಕ್ಕ. "ಖರೆ ಅದ ಅಕ್ಕಾ" ಎಂದ. ಕೂಸಿಗೆ ಚಾಚಿದ್ದ ಕೈ ಹಿಂದೆ ಕಟ್ಟಿಕೊಂಡ. ಯಾವಾಗಲೂ ಮೆರವಣಿಗೆಯಂತೆ ಮುಂದೆ ಹೋಗುವ ಅವನ ಗಾಡಿ ಅವತ್ತು ನಾವು ಕುಳಿತ ಕರೆಂಟಿನ ಕಾರಿಗಿಂತ ಎಷ್ಟೋ ಹಿಂದೆ ಉಳಿಯಿತು. ಕೆಟ್ಟಿತೇನೋ ಅಂದುಕೊಂಡೆ. ಹೊಗೆ ನಮ್ಮ ಕಡೆ ಬರಬಾರದೆಂದು ದೂರ ಉಳಿದಿದ್ದ ಎಂದು ನನಗೆ ಹೊಳೆದದ್ದು ಎರಡು ದಿನ ಬಿಟ್ಟು. ಹನ್ನೆರಡನೆಯ ಬೊಟ್ಟಿನ ಜಾಗ ಈಗಲೂ ಖಾಲಿಯೇ ಇದೆ.

ಹೆಸರಿಡುವ ದಿನ ಅವನು ಬಸ್ಸಿನಲ್ಲಿ ಬಂದ. ಹುಟ್ಟಾ ಗಾಡಿ ಬಿಟ್ಟು ಬಂದವನಲ್ಲ! ಬಗಲಲ್ಲಿ ಅದೇ ಡಬ್ಬಿ. ತೊಟ್ಟಿಲ ಹತ್ತಿರ ಕುಳಿತು, ಜೇಬಿನಿಂದ ಒಂದು ಕಾಳು ತೆಗೆದು ಒಳಗೆ ಹಾಕಿದ. ನಾನು ನೋಡಿದೆ. ಕರೀ ಉದ್ದು.

"ಏನೋ ಇದು?"

"ನಮ್ದು ಮುಗೀತು ಅಕ್ಕಾ. ಇಕಿ ಉಸಿರಾಡೋದು ಇನ್ನಾ ಭಾಳ ಅದ." ಮತ್ತೆ ಎರಡೂ ಅಂಗೈ ನನ್ನ ಮೂಗಿನ ಹತ್ತಿರ ಹಿಡಿದ. ತಿಕ್ಕಿ ತಿಕ್ಕಿ ಕೆಂಪಾಗಿದ್ದವು. "ಮೂರು ಸಲ ಸಾಬೂನು ಹಚ್ಚೀನಿ. ಈಗ ನಾರ್ತದೇನು ನೋಡು. ಕೂಸಿಗಿ ಎತ್ಕೋಲೇನು?"

ಕೂಸನ್ನು ಅವನ ತೊಡೆಯ ಮೇಲಿಟ್ಟು, ಡಬ್ಬಿ ತೆಗೆದುಕೊಂಡು ಅಡಿಗೆಮನೆಗೆ ಹೋದೆ, ಅವನ ಗಾಡಿಗೆ ನನ್ನ ವೋಟು ಹಾಕಲು. ತೊಗರಿ ಎದುರಿಗೇ ಇತ್ತು. ಕಣ್ಣು ತುಂಬಿ ಬಂದು ಅದು ನನಗೇ ಕಾಣಲಿಲ್ಲ.